ಮುಳುಗಲಿಕ್ಕೆಂದು ಕಟ್ಟಿದ ಹಡಗು

"ನಾಲ್ಕ್ ಕಂಬ ನೆಟ್ಟಗೆ ನಿಲ್ಸುಕ್ ಆತ್ತಾ ಇವ್ಳಿಗೆ?" ನಾನು ಕೋಟೇಶ್ವರದಲ್ಲಿ ಶಾಮಿಯಾನದ ಅಂಗಡಿ ತೆರೆದ ದಿನ ನನ್ನ ಗಂಡನ ಅಣ್ಣ ನಾಲ್ಕು ಜನರೆದುರು ಕೇಳಿದ ಮಾತು. ಕಂಬ ನಿಂತವು. ಆದರೆ ಈ ಕಸುಬಿನಲ್ಲಿ ಎದೆ ಧಸಕ್ಕೆನ್ನುವ ಸಂಗತಿಗಳಿಗೆ ಬಿಡುವೇ ಇಲ್ಲ. ಗಾಳಿಗೆ ಚಪ್ಪರ ಹಾರಿದ್ದು, ಒಂದು ಮನೆಯ ದಿಬ್ಬಣ ಇನ್ನೊಂದು ಮನೆಯ ಚಪ್ಪರಕ್ಕೆ ನುಗ್ಗಿದ್ದು, ಎಲ್ಲ ಕಂಡಿದ್ದೇನೆ. ಅವೆಲ್ಲವನ್ನೂ ಮೀರಿಸಿದ್ದು ಒಂದು ಹಡಗು.

೧. ಎಷ್ಟು ಜನಕ್ಕೆ?

ಸಿನಿಮಾ ನಿರ್ದೇಶಕರೊಬ್ಬರು ಅಂಗಡಿಗೆ ಬಂದು, "ಮೇಡಂ, ಬೀಜಾಡಿ ಕಡಲಿನ ಹತ್ತಿರ ಒಂದು ಹಡಗು ಕಟ್ಟಿಕೊಡಬೇಕು" ಎಂದರು. ನನ್ನ ಕೈ ತನ್ನಷ್ಟಕ್ಕೇ ಪೆನ್ನು ಹಿಡಿಯಿತು.

"ಎಷ್ಟು ಜನ?"

"ನೂರೈವತ್ತು."

"ಎಲೆ ಊಟವೋ, ಬಫೆಯೋ?"

"ಊಟ ಇಲ್ಲ ಮೇಡಂ. ಎಲ್ಲರೂ ಸಾಯ್ತಾರೆ."

ಪೆನ್ನು ಕೆಳಗೆ ಬಿತ್ತು.

೨. ಸಂಕಲ್ಪ

ಬಸ್ರೂರಿನ ಅಕ್ಕಿ ತುಂಬಿಕೊಂಡು ಹೊರಟ ಪರಂಗಿ ಹಡಗೊಂದು ಹಿಂದಿನ ಕಾಲದಲ್ಲಿ ನಮ್ಮ ಕಡಲಿನಲ್ಲೇ ಮುಳುಗಿದ ಕತೆ ಅದು. ನನಗೆ ಹೊಸತಲ್ಲ. ಶಾಲೆ ನಾಲ್ಕನೇ ತರಗತಿಗೇ ಬಿಟ್ಟವಳು ನಾನು. ಬೆಲ್ಲ ಕಟ್ಟಿಕೊಟ್ಟ ಕಾಗದ ಓದುತ್ತ ಓದುತ್ತ ಲೈಬ್ರರಿಯ ದಪ್ಪ ಪುಸ್ತಕಗಳಿಗೆ ಬಂದವಳು. ಆ ಹಡಗಿನ ಸಂಗತಿ ಓದಿದ ದಿನ ಒಲೆಯ ಮೇಲಿನ ಸಾರು ಸೀದುಹೋಗುವಷ್ಟು ಅತ್ತಿದ್ದೆ. ಊರು ಮರೆತ ಆ ಜನರಿಗಾಗಿ ನನ್ನ ಊರು ಒಮ್ಮೆ ಅಳಬೇಕು, ನಾನು ಕಟ್ಟಿದ ಹಡಗು ಅಳಿಸಬೇಕು. ಈ ಹಟಕ್ಕೇ ಕೆಲಸ ಒಪ್ಪಿಕೊಂಡೆ.

ನಮ್ಮಲ್ಲಿ ಪೂಜೆಯಿಲ್ಲದೆ ಮೊದಲ ಕಂಬ ನೆಡುವುದಿಲ್ಲ. ಭಟ್ಟರನ್ನು ಕರೆಸಿದೆ.

"ಸಂಕಲ್ಪ ಎಂತ ಅಂದ್ ಮಾಡುದ್?" ಎಂದರು.

"ಹಡಗು ಚೆಂದ ಮಾಡಿ ಮುಳುಗ್ಲಿ ಅಂದ್ ಮಾಡಿ."

ಭಟ್ಟರು ಹಿಡಿದ ತೆಂಗಿನಕಾಯಿ ಹಿಡಿದ ಹಾಗೇ ನಿಂತರು. "ಅಯ್ಯಬ್ಬ! ನನ್ನ ಹತ್ರ ತೇಲುಕಿಪ್ಪ ಮಂತ್ರ ಮಾತ್ರ ಇಪ್ಪುದ್."

"ಇದ್ದದ್ದನ್ನೇ ಹೇಳಿ."

ಹೇಳಿದರು. ಕೊನೆಗೆ ಕಾಯಿ ಒಡೆದು, "ನಾಳೆ ಮುಳುಗ್ದಿದ್ರೆ ನಂಗೆ ಬೈಬುಕಾಗ ಕಾಣಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

೩. ಕೂತವರು ಏಳಲಿಲ್ಲ

ಮುಳುಗುವ ಪ್ರಯಾಣಿಕರೆಲ್ಲ ನಮ್ಮ ಸುತ್ತಮುತ್ತಲಿನವರೇ. ಪರಂಗಿಯವರ ವೇಷ ತೊಟ್ಟು, ಬಿಸಿಲಿನಲ್ಲಿ ಹಡಗಿನ ಮೇಲೆ ನಿಂತಿದ್ದರು. ಮಧ್ಯಾಹ್ನವಾದರೂ ಚಿತ್ರೀಕರಣ ಶುರುವಾಗಲಿಲ್ಲ. ವಯಸ್ಸಾದ ಹೆಂಗಸೊಬ್ಬರು ಮೇಲಿನಿಂದ ಕೂಗಿದರು: "ಹ್ವಾಯ್! ಸಾಯುಕ್ ಮುಂಚೆ ಕೂಕಂಬುಕೆ ಒಂದ್ ಕುರ್ಚಿ ಇಲ್ಯಾ?"

ನನ್ನ ಜೀವ ತಡೆಯಲಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಮೇಲೆ ಕಳಿಸಿದೆ. ಎಲ್ಲರೂ ಕೂತರು.

ನನ್ನ ಕೆಲಸದವರಿಗೆ ನಾನು ಹೊಡೆದು ಕಲಿಸಿದಷ್ಟು ಗಟ್ಟಿಯಾಗಿ ಕಲಿಸಿದ ನಿಯಮ ಒಂದೇ: ಕೂತವರು ತಾವಾಗಿ ಏಳುವ ತನಕ ಕುರ್ಚಿ ಮುಟ್ಟಕೂಡದು. ಅಷ್ಟರಲ್ಲಿ ಸಿನಿಮಾದವರು ಹೊಗೆ ಬಿಟ್ಟರು, ಕೊಳವೆಯಿಂದ ಮಳೆ ಸುರಿಸಿದರು, ಕ್ರೇನಿನ ಹಗ್ಗ ಎಳೆದರು. ಹಡಗು ವಾಲಿತು. ಯಾರೂ ಏಳಲಿಲ್ಲ. ಆದ್ದರಿಂದ ಯಾರೂ ಕುರ್ಚಿ ಮುಟ್ಟಲೂ ಇಲ್ಲ. ಇಡೀ ಪರಂಗಿ ಸಮುದಾಯ ಕೂತ ಹಾಗೇ ಸೊಂಟಮಟ್ಟದ ನೀರಿಗೆ ಜಾರಿತು.

ಒದ್ದೆ ಮುದ್ದೆಯಾಗಿ ದಡಕ್ಕೆ ಬಂದ ಆ ಹೆಂಗಸನ್ನು, "ಏಳುಕ್ ಎಂತ ಆಯ್ತ್ ನಿಮ್ಗೆ?" ಎಂದು ಕೇಳಿದೆ.

"ಊಟಕ್ಕೇಳಿ ಅಂದ್ ಯಾರಾರೂ ಕರೆದ್ರಾ?" ಎಂದರು.

೪. ದೊಡ್ಡ ಪರದೆ

"ಚಿಂತೆ ಬೇಡ ಮೇಡಂ, ಕುರ್ಚಿಗಳನ್ನು ಕಂಪ್ಯೂಟರಿನಲ್ಲಿ ಅಳಿಸ್ತೇವೆ" ಎಂದಿದ್ದರು ನಿರ್ದೇಶಕರು. ಸಿನಿಮಾ ಬಂತು. ಕುಂದಾಪುರದ ಥಿಯೇಟರಿನಲ್ಲಿ ಅವರ ಪಕ್ಕದಲ್ಲೇ ಕೂತೆ. ಹಡಗು ಮುಳುಗಿತು. ಒಂದೂ ಕುರ್ಚಿ ಇಲ್ಲ. ಥಿಯೇಟರು ಉಸಿರು ಬಿಗಿಹಿಡಿದಿತ್ತು. ಹಿಂದೆ ಯಾರೋ ಮೂಗೆಳೆಯುವ ಸದ್ದು ಕೇಳಿಸಿತು. ಗೆದ್ದೆ ಎಂದುಕೊಂಡೆ.

ಆಗ ನಾಯಕಿ ಬಂದಳು, ಅಲೆಯ ಮೇಲೆ ತೇಲುತ್ತ. ಎರಡೂ ಕೈಯಿಂದ ತಬ್ಬಿಕೊಂಡದ್ದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಅಂಗಡಿಯ ಹೆಸರು, ಗೋಡೆಯಷ್ಟು ದೊಡ್ಡದಾಗಿ.

"ಅದನ್ನೊಂದು ಅಳಿಸಿದರೆ ಅವಳು ಗಾಳಿ ತಬ್ಬಿಕೊಂಡ ಹಾಗೆ ಕಾಣ್ತಿತ್ತು ಮೇಡಂ" ಎಂದು ನಿರ್ದೇಶಕರು ಕತ್ತಲಲ್ಲಿ ಗೊಣಗಿದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ: "ಹ್ವಾಯ್, ನಮ್ಮ ಮದಿ ಚಪ್ರದ್ ಕುರ್ಚಿ ಅಲ್ದಾ ಮಾರಾಯ್ರೆ ಅದ್!"

ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಾಯಕಿ ಕಣ್ಣು ಮುಚ್ಚಿ ಪ್ರಾಣ ಬಿಟ್ಟಾಗ ಯಾರೋ ಸಿಳ್ಳೆ ಹಾಕಿದರು. "ಗಟ್ಟಿ ಹಿಡ್ಕೊ ಮಗಾ, ಬಾಡಿಗೆದ್!" ಎಂದ ಇನ್ನೊಬ್ಬ. ನಿರ್ದೇಶಕರು ತಲೆ ತಗ್ಗಿಸಿ ಕೂತವರು ದೀಪ ಬರುವ ತನಕ ಎತ್ತಲಿಲ್ಲ.

ಮರುದಿನದಿಂದ ಫೋನು ನಿಲ್ಲಲಿಲ್ಲ. ಎಲ್ಲರಿಗೂ ಹೀರೋಯಿನ್ ಕುರ್ಚಿಯೇ ಬೇಕು. ಈಗ ನನಗೆ ಎರಡು ಲಾರಿ, ಸ್ವಂತ ಗೋದಾಮು, ಬೈಂದೂರಿನಿಂದ ಬ್ರಹ್ಮಾವರದ ತನಕ ಮದುವೆಗಳು ಇವೆ. ಅದಕ್ಕೆ ನಾನು ತೆತ್ತದ್ದು ಇಷ್ಟು: ಆ ಹಡಗಿನವರಿಗಾಗಿ ನನ್ನ ಊರು ಇವತ್ತಿಗೂ ಒಂದು ಹನಿ ಕಣ್ಣೀರು ಹಾಕಿಲ್ಲ.