ಭಾವನ ಇಲಿಗಳೂ ನನ್ನ ಸೋಮಾರಿ ಆಳೂ

ನಮ್ಮ ಭಾವನವರಿಗೆ ಅಕ್ಕನಿಗಿಂತ ಇಲಿಯ ಕರುಳಿನ ಮೇಲೆಯೇ ಪ್ರೀತಿ ಹೆಚ್ಚು. ಇದು ಚಾಡಿಯಲ್ಲ, ಸ್ವತಃ ಅಕ್ಕನೇ ಕೊಟ್ಟ ಹೇಳಿಕೆ! ಪ್ರಯೋಗಾಲಯವೊಂದರಲ್ಲಿ ಬಿಳಿ ಇಲಿಗಳ ಹೊಟ್ಟೆಗೆ ಹುಳ ಸೇರಿಸಿ, ಅವು ಕರುಳನ್ನು ಹೇಗೆ ಹಾಳುಗೆಡವುತ್ತವೆ ಎಂದು ನೋಡುವುದು ಅವರ ಉದ್ಯೋಗ. ಇದಕ್ಕೂ ಸಂಬಳ ಕೊಡುತ್ತಾರೆಂದು ನಮ್ಮಮ್ಮ ಬಹಳ ದಿನ ನಂಬಿರಲಿಲ್ಲ.

ರಜೆಗೆ ಮೂಡಿಗೆರೆ ಪಕ್ಕದ ನಮ್ಮ ಕಾಫಿ ತೋಟಕ್ಕೆ ಬಂದರೆ ಬೇರೆ ಅಳಿಯಂದಿರು ಸಿಹಿ ತರುತ್ತಾರೆ. ಇವರು ತರುತ್ತಿದ್ದದ್ದು ಮೈಕ್ರೋಸ್ಕೋಪು ಮತ್ತು ಒಂದು ಪೆಟ್ಟಿಗೆ ಗಾಜಿನ ಚೂರು. ಒಂದೊಂದು ಚೂರಿನ ಮೇಲೂ ಇಲಿಯ ಕರುಳಿನ ತೆಳು ಪದರ. ಸರಿಯಾಗಿ ಕಡುಬು, ಹಂದಿ ಸಾರು ಬಡಿಸಿದ ಹೊತ್ತಿಗೇ ಕರುಳಿನಲ್ಲಿ ನೆತ್ತರು ಒಸರುವ ಬಗೆಯನ್ನು ವರ್ಣಿಸತೊಡಗುವರು. ನೆಂಟರೊಬ್ಬರು ಎಲೆ ಬಿಟ್ಟು ಎದ್ದಾಗ, ಅವರಿಗೂ ಹುಳ ಇರಬೇಕೆಂದು ಅನುಕಂಪ ಬೇರೆ! ನನ್ನ ಮದುವೆಗೆ ಕೊಟ್ಟ ಉಡುಗೊರೆ ಏನು ಗೊತ್ತೇ? ಗಂಡಿಗೊಂದು, ಹೆಣ್ಣಿಗೊಂದು ಜೊತೆ ಗಂಬೂಟು. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದಂತೆ.

ತೊಂಬತ್ತರ ದಶಕದ ಕೊನೆಯ ಒಂದು ಕೊಯ್ಲಿನಲ್ಲಿ ಅವರು ಬಂದಾಗ ನನ್ನ ತಲೆನೋವೇ ಬೇರೆಯಿತ್ತು. ಹೆಸರು ಲಕ್ಷ್ಮಿ. ಎರಡು ಗಿಡದ ಹಣ್ಣು ಬಿಡಿಸಿದರೆ ಮೂರನೆಯದರ ಬುಡದಲ್ಲಿ ಕೂತುಬಿಡುವಳು. ಮೇಸ್ತ್ರಿಯದು ದಿನಾ ದೂರು. ಮನುಷ್ಯರನ್ನು ಅಳೆಯುವುದರಲ್ಲಿ ನಾನು ಮಹಾ ನಿಪುಣನಲ್ಲವೇ? ವಾರದ ಕೊನೆಗೆ ಕೆಲಸದಿಂದ ಬಿಡಿಸುವುದೆಂದು ತೀರ್ಮಾನಿಸಿದ್ದೆ. ಕೆಲಸ ಹೋದರೆ ಆಳುಗಳಿಗೆಂದು ತೋಟದಲ್ಲಿ ಕೊಟ್ಟ ಲೈನ್ ಮನೆಯೂ ಹೋಗುತ್ತಿತ್ತು. ಅವಳಿಗೆ ಬೇರೆ ಸೂರಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ತೋಟ ಸುತ್ತಲು ಬಂದ ಭಾವ, ಗಿಡದ ಬುಡದಲ್ಲಿ ಕೂತಿದ್ದ ಅವಳ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ಮೈಯಲ್ಲಿ ರಕ್ತವಿಲ್ಲದ ಗುರುತು. ಮರುದಿನ ಬೆಳಿಗ್ಗೆ ನನ್ನ ಜೀಪಿನಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಮೇಸ್ತ್ರಿಯನ್ನು ಆಸ್ಪತ್ರೆಗೆ ಹೊರಡಿಸಿದರು. ದಾರಿಯಲ್ಲಿ ಬೀಡಿ ಹಚ್ಚಲು ಅದನ್ನು ತೆರೆದ ಮೇಸ್ತ್ರಿ, ಒಳಗಿರುವುದು ಪರೀಕ್ಷೆಗೆ ಕಳಿಸಿದ ಲಕ್ಷ್ಮಿಯ ಮಲ ಎಂದು ತಿಳಿದು ಒಂದು ವಾರ ಬೀಡಿ ಮುಟ್ಟಲಿಲ್ಲ!

ಕೊಕ್ಕೆಹುಳ ಎಂದು ವರದಿ ಬಂತು. ಹುಳ ಯಾರಿಗಿಲ್ಲ, ಇವಳದು ಸೋಮಾರಿತನ ಎಂದು ನಾನು ಪಟ್ಟು ಹಿಡಿದೆ. ಭಾವ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೊದಲ ಚೂರಿನಲ್ಲಿ ಆರೋಗ್ಯವಂತ ಇಲಿಯ ಕರುಳು. ಒಳಗೋಡೆ ಕಂಬಳಿಯ ಜೂಲಿನ ಹಾಗೆ ದಟ್ಟವಾಗಿತ್ತು. ಎರಡನೆಯದು ಹುಳ ಸೇರಿಸಿದ ಇಲಿಯದು. ಅದರಲ್ಲಿ ಆ ಜೂಲೆಲ್ಲ ಸವೆದು, ಅಲ್ಲಲ್ಲಿ ಹರಿದು, ನೆತ್ತರು ಕಟ್ಟಿತ್ತು.

"ಈ ಇಲಿನೂ ಮೂಲೇಲಿ ಕೂತೇ ಇರ್ತಿತ್ತು ಮಾರಾಯ," ಎಂದರು ಭಾವ. "ಸೋಮಾರಿ ಅಂತ ನಾನು ಬರ್ಕೊಳ್ಳಿಲ್ಲ."

ಲಕ್ಷ್ಮಿಯನ್ನು ನಾನು ಕೆಲಸದಿಂದ ಬಿಡಿಸಲಿಲ್ಲ. ಆಸ್ಪತ್ರೆಯವರು ಹುಳದ ಮಾತ್ರೆ ಕೊಟ್ಟರು, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆಯೂ ನಡೆಯಿತು. ಮುಂದಿನ ಕೊಯ್ಲಿಗೆ ಅವಳು ಹಣ್ಣಿನ ಚೀಲ ಹೊತ್ತು ಏರಿನಲ್ಲಿ ಮೇಸ್ತ್ರಿಯನ್ನೇ ಹಿಂದೆ ಹಾಕುತ್ತಿದ್ದಳು. ನನಗೆ ನಾಚಿಕೆಯಾಗಿತ್ತು. ಒಂದು ಸಂಜೆ ಕಾಫಿ ಕಣದ ಹತ್ತಿರ ನಿಲ್ಲಿಸಿ, ನಿನ್ನನ್ನು ಸೋಮಾರಿ ಅಂದುಕೊಂಡಿದ್ದೆ, ತಪ್ಪಾಯಿತು ಎಂದೆ.

ಅವಳು ಚೀಲ ಇಳಿಸಿ ನನ್ನ ಮುಖ ನೋಡಿದಳು.

"ನಾನೂ ಹಂಗೇ ಅಂದ್ಕಂಡಿದ್ದೆ ಅಯ್ಯ. ದಿನಾ ಬೆಳಿಗ್ಗೆ ಎದ್ದು ನಂಗೆ ನಾನೇ ಬೈಕೊಳ್ತಿದ್ದೆ."