ಶ್ವಾಸಕೋಶಕ್ಕಿರುವ ಬುದ್ಧಿ

ಪಾಠ ಹೇಳುವವನು ತನ್ನ ಪಾಠವನ್ನು ತಾನೇ ಕಿವಿಗೊಟ್ಟು ಕೇಳಬಾರದು. ಕೇಳಿದರೆ ಸಂಸಾರ ಕಷ್ಟ. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಮೊನ್ನೆ ಶ್ವಾಸಕೋಶದ ಪಾಠವಿತ್ತು. ಅಲ್ಲಿಯ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ, ನಡುವೆ ಕಣ್ಣಿಗೆ ಕಾಣದ ಕಿಂಡಿಗಳಿರುತ್ತವೆ, ಒಂದಕ್ಕೆ ಪೆಟ್ಟಾದರೆ ಆ ಕಿಂಡಿಯಿಂದಲೇ ಪಕ್ಕದ್ದಕ್ಕೆ ಸುದ್ದಿ ಮುಟ್ಟುತ್ತದೆ, ಮಧ್ಯಸ್ಥರು ಬೇಕಿಲ್ಲ ಎಂದು ಕೈಬೀಸಿ ವಿವರಿಸಿದೆ. ಹುಡುಗರು ಬರೆದುಕೊಂಡರು. ನಾನು ಬೆವರಿದೆ. ಏಕೆಂದರೆ ಆ ಹೊತ್ತಿಗೆ ನನಗೂ ನನ್ನ ಹೆಂಡತಿಗೂ ಮಾತುಕತೆ ನಡೆಯುತ್ತಿದ್ದುದು ಅವ್ವನ ಮುಖಾಂತರ.

ತಪ್ಪು ಮಿರ್ಚಿ ಬಜ್ಜಿಯದು. ಕೆಮ್ಮು ಹತ್ತಿದ್ದರಿಂದ ಡಾಕ್ಟರು ಕರಿದದ್ದನ್ನು ಮುಟ್ಟಬೇಡಿ ಎಂದಿದ್ದರು. ಪರೀಕ್ಷೆಯ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋದವನು ತಿರುಗಿ ಬರುವಾಗ ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಿತು, ಎದುರಿಗೇ ಬಾಣಲೆ. ಈ ಸೀಮೆಯಲ್ಲಿ ಹುಟ್ಟಿ ಮಂಡಕ್ಕಿ ವಗ್ಗರಣಿ-ಮಿರ್ಚಿಗೆ ಬೆನ್ನು ತಿರುಗಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ. ಮನೆಗೆ ಬಂದಾಗ ಹೆಂಡತಿ, "ಹೊರಗ ಏನರ ತಿಂದ್ರೇನ್ರಿ?" ಎಂದಳು. "ಏನಿಲ್ಲ" ಎಂದೆ. ಅವಳು ನನ್ನ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿ ಮಾತು ಬಿಟ್ಟಳು. ಮಿರ್ಚಿಗಲ್ಲ, ಸುಳ್ಳಿಗೆ.

ಸುದ್ದಿ ಸಾಗಿಸುವುದರಲ್ಲಿ ಅವ್ವನ ಕೈ ಬಹಳ ಧಾರಾಳ. "ಚಹಾ ಸಿಗ್ತೈತೇನು ಕೇಳಬೇ" ಎಂದು ನಾನಂದರೆ, ಅಡುಗೆಮನೆಗೆ ಅದು "ಒಂದು ಚಹಾಕ್ಕ ಎಷ್ಟೊತ್ತು ಅಂತ ಕೇಳಾಕತ್ಯಾನ" ಎಂದು ಮುಟ್ಟುತ್ತಿತ್ತು. ಪಾಠ ಮಾಡಿದ ದಿನ ಸಂಜೆ ಅಲ್ಲಿಂದ ಅವ್ವ ಒಂದು ಸುದ್ದಿ ಹೊತ್ತು ತಂದಳು.

"ಅಕಿ ನಾಳೆ ಕುರುಗೋಡಿಗೆ ಹೊಂಟಾಳಂತಪಾ, ತವರಮನಿಗಿ."

"ಯಾಕಂತ ಕೇಳಬೇ."

"ನೀನ ಹೋಗಿ ಕೇಳು. ನನ್ನ ಮೊಣಕಾಲು ನೋಯಾಕತ್ಯಾವು" ಎಂದು ಅವ್ವ ರಾಜೀನಾಮೆ ಕೊಟ್ಟಳು.

ಹೆಂಡತಿಯಿಲ್ಲದ ಮನೆಯಲ್ಲಿ ನನಗೆ ಒಂದು ಹೊತ್ತು ಕಳೆಯುವುದೂ ಕಷ್ಟ. ಜೀವಕೋಶಕ್ಕೆ ಆಗುವುದು ನನಗೆ ಆಗದೇ ಎಂದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ತಪ್ಪಾಯಿತೆನ್ನಲು ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದದ್ದೇ ತಡ, ಒಗ್ಗರಣೆಯ ಘಾಟು ಒಳಗೆ ಹೊಕ್ಕು ಕೆಮ್ಮು ಹತ್ತಿತು. ಅವಳು ಬೆನ್ನು ತಟ್ಟಿ ನೀರು ಕೊಟ್ಟಳು.

"ನಿಮಗಿಂತ ನಿಮ್ಮ ಎದಿ ಚಲೋ ಐತ್ರಿ. ಇದ್ದದ್ದು ಇದ್ದಂಗ ಹೇಳ್ತೈತಿ. ಎಷ್ಟು ಮಿರ್ಚಿ ತಿಂದ್ರಿ?"

ಮಧ್ಯಸ್ಥರಿಲ್ಲದೆ ಬಂದ ಮಾತು. ಸಂತೋಷಕ್ಕೋ ಘಾಟಿಗೋ ಕಣ್ಣು ತುಂಬಿತು. "ಎರಡು" ಎಂದೆ. ಅವಳು ನೋಡುತ್ತಲೇ ಇದ್ದಳು. "ನಾಕು" ಎಂದೆ. "ತಪ್ಪಾತು. ಕುರುಗೋಡಿಗೆ ಮಾತ್ರ ಹೋಗಬ್ಯಾಡ."

"ಹೋಗ್ತೀನಂತ ನಾ ಯಾವಾಗ ಅಂದೆ?"

ಪಡಸಾಲೆಯಲ್ಲಿ ಅವ್ವ ಮೆಲ್ಲಗೆ ಕೆಮ್ಮಿದಳು. ಅದನ್ನು ಕೇಳಿ ನನಗೂ ಕೆಮ್ಮು ಬಂತು. ತಿಂದದ್ದು ಆರು.