ಬ್ಯಾಟಿನೊಳಗಿಂದ ಹಾಯ್ದ ಚೆಂಡು

ನಮ್ಮ ಮಾಮಾ ಸತ್ತ ಮೇಲೆ ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ. ಸೀದಾ ಆ ವಿಡಿಯೋ ಗೇಮ್ ಕಂಪನಿಯ ಬಾಗಿಲಿಗೆ ಹೋಗಿ ದೆವ್ವವಾಗಿ ಕೂರುತ್ತಾನೆ! ಇದು ನನ್ನ ಮಾತಲ್ಲ, ಅವನೇ ಮಾಡಿಕೊಂಡ ಸಂಕಲ್ಪ. "ಜೀವ ಇರೂತನಕ ಪತ್ರ ಬರೀತೀನಿ, ಆಮ್ಯಾಲೆ ಹೋಗಿ ಅಲ್ಲೇ ಕುಂದರ್ತೀನಿ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಯಸ್ಸು ಐವತ್ತೆಂಟು. ಹುಟ್ಟಿದ್ದು ವಡಗಾವಿಯ ನೇಕಾರರ ಓಣಿಯಲ್ಲಿ, ನೆಲೆಸಿದ್ದು ಹೆಂಡತಿಯ ಊರು ಖಾನಾಪುರದಲ್ಲಿ, ದುಡಿಯುವುದು ಆಟೋ ನಗರದ ಒಂದು ಲೇಥ್ ಮಷೀನಿನ ಮೇಲೆ. ಈ ವಯಸ್ಸಿಗೆ ಗಂಡಸರು ಭಜನೆಗೆ ಹೋಗುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಕೂತು ಸರಕಾರ ಬೀಳಿಸುತ್ತಾರೆ. ಇವನು ಟೀವಿ ಮುಂದೆ ಕೂತು ಕ್ರಿಕೆಟ್ ಗೇಮ್ ಆಡುತ್ತಾನೆ. ಆಡುತ್ತಾನೆ ಎನ್ನುವುದಕ್ಕಿಂತ ಅದರ ಜೊತೆ ಜಗಳ ತೆಗೆಯುತ್ತಾನೆ ಎನ್ನಿ.

ಈ ಗೇಮು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ. ಹೊಸದು ಅಂದರೆ ಡಬ್ಬಿ ಮಾತ್ರ. ಒಳಗಿರುವುದು ಹಳೆಯ ಆಟವೇ, ಅದೂ ಹೋದ ವರ್ಷಕ್ಕಿಂತ ಒಂದು ಗುಂಜಿ ಕಡಿಮೆ! ಮಾಮಾ ಅದನ್ನು ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಲೇಥಿನ ಹತ್ಯಾರಗಳ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಕಾಯಿ ಒಡೆದ ಮೇಲೆಯೇ ಬಿಚ್ಚುವುದು. ಮರುದಿನ ದಸರೆ. ಊರಿಗೆ ಊರೇ ಬನ್ನಿ ಎಲೆ ಹಂಚಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ವರ್ಷದ ಜಗಳ ಮರೆಯುತ್ತದೆ. ತನ್ನ ಹಿತ್ತಲಿನೊಳಕ್ಕೆ ಬೇಲಿ ಸರಿಸಿದ ನೆರೆಯವನಿಗೂ ಮಾಮಾ ಬನ್ನಿ ಕೊಡುತ್ತಾನೆ. ಆ ಕಂಪನಿಗೆ ಮಾತ್ರ ಕೊಡಲಾರ. ಯಾಕೆಂದರೆ ಅಷ್ಟರಲ್ಲಿ ಅವನು ಡಬ್ಬಿ ಬಿಚ್ಚಿ ಆಡಿರುತ್ತಾನಲ್ಲ!

"ನೋಡಿಲ್ಲೆ, ಚೆಂಡು ಬ್ಯಾಟಿನೊಳಗಿಂದ ಹಾಯ್ದು ಹೋತು! ಬ್ಯಾಟೋ ಕಿಡಕಿಯೋ?"

ಫೀಲ್ಡರು ಕಾಲೆತ್ತದೆ, ಎಣ್ಣೆ ಚೆಲ್ಲಿದ ನೆಲದ ಮೇಲೆ ಹೋದ ಹಾಗೆ ಜಾರಿಕೊಂಡು ಹೋಗುತ್ತಾನೆ. ಪ್ರೇಕ್ಷಕರ ನಡುವೆ ಕೆಂಪಂಗಿಯವನೊಬ್ಬ ಒಂದೇ ಸಲಕ್ಕೆ ಹದಿನಾಲ್ಕು ಕಡೆ ಕೂತಿರುತ್ತಾನೆ. "ಇಂವ ಹ್ವಾದ ವರ್ಷನೂ ಇಲ್ಲೇ ಇದ್ದ! ಇವಗ ಮನಿ ಮಠ ಇಲ್ಲೇನು?" ಎಂದು ಮಾಮಾ ಕೂಗಿದರೆ, ಒಳಗಿನಿಂದ ಮಾಮಿ, "ಅಗ ಬಾಯಿ! ನಿಮಗರ ಐತಿ ಅಂತ ನೆಪ್ಪೈತೇನ್ರಿ?" ಎನ್ನುತ್ತಾಳೆ.

ಅವನ ಸಿಟ್ಟಿಗೆ ಕಾರಣ ಇಲ್ಲದಿಲ್ಲ. "ನಾ ಒಂದು ಶಾಫ್ಟ್ ಕೂದಲೆಳಿಯಷ್ಟು ದಪ್ಪ ಮಾಡಿದ್ರ ಮಾಲು ವಾಪಸ್ ಬರ್ತೈತಿ. ಇವ್ರು ವರ್ಷಾ ಬಣ್ಣ ಬಳದು ಅದ ಸೊಟ್ಟ ಮಾಲು ಕಳಸ್ತಾರ. ತಗೊಳ್ಳೂ ಹುಚ್ಚರೂ ಅದಾರ!"

"ಯಾರು ಮಾಮಾ ಆ ಹುಚ್ಚರು?"

"ನಾನ ಅಲ್ಲೇನ!"

ಒಂದು ವರ್ಷ ವರ್ಕ್‌ಶಾಪಿನಿಂದ ಕ್ಯಾಲಿಪರ್ ತಂದು ಟೀವಿಯ ಗಾಜಿನ ಮೇಲೆ ಬ್ಯಾಟಿನ ಅಗಲ ಅಳೆದ. ನಕ್ಷೆ ಬಿಡಿಸಿ, ನಾಲ್ಕು ಪುಟ ಅಚ್ಚ ಕನ್ನಡದಲ್ಲಿ ದೂರು ಬರೆದು, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ. ಕೊನೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಒಂದು ಸಾಲಿತ್ತು. ನಾನು ಓದುವ ಗೋಜಿಗೆ ಹೋಗಲಿಲ್ಲ, ಕೆಳಗೆ ನನ್ನ ಇಮೇಲ್ ವಿಳಾಸ ಬರೆದುಕೊಟ್ಟೆ, ಅಷ್ಟೆ. ತಿಂಗಳುಗಟ್ಟಲೆ ಬಿಟ್ಟು ಉತ್ತರ ಬಂತು: ಧನ್ಯವಾದ, ನಮ್ಮ ಆಟಕ್ಕೆ ಐದರಲ್ಲಿ ಎಷ್ಟು ಚುಕ್ಕಿ ಕೊಡುತ್ತೀರಿ?

"ನಪಾಸಾದಾಂವ ತಾನ ಬಂದು ಎಷ್ಟ ಮಾರ್ಕ್ ಹಾಕ್ತೀರಿ ಅಂತ ಕೇಳಿದಂಗಾತು!" ಎಂದ ಮಾಮಾ. ಆ ದಿನ ಊಟ ಮಾಡಲಿಲ್ಲ.

ಇಷ್ಟರವರೆಗೆ ನಕ್ಕೆವು. ಎರಡು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ಮಾತು ಹೋಯಿತು. ಶಿವಬಸವ ನಗರದ ನಮ್ಮ ಮನೆಯ ಹಾಲಿನಲ್ಲಿ ಒಂದು ಗಾಲಿಕುರ್ಚಿ ಬಂತು. ನೆಂಟರು ಬಂದು "ಅಯ್ಯ ಪಾಪ" ಎಂದು ಬಾಳೆಹಣ್ಣಿಟ್ಟು ಹೋದರು, ಆಮೇಲೆ ಬರುವುದನ್ನೇ ಬಿಟ್ಟರು. ಅವ್ವ ದಿನದಿಂದ ದಿನಕ್ಕೆ ಕುರ್ಚಿಯಲ್ಲಿ ಸಣ್ಣಗಾಗುತ್ತ ಹೋದಳು. ಇದಕ್ಕಿಂತ ಸುಧಾರಿಸಲಿಕ್ಕಿಲ್ಲ, ನಾವು ಹೇಳಿದ್ದು ಅವರಿಗೆ ಎಷ್ಟು ತಿಳಿಯುತ್ತದೋ ಅದೂ ಹೇಳಲಾಗದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಬಿಡದೆ ಬಂದವನು ಮಾಮಾ ಒಬ್ಬನೇ. ಪ್ರತಿ ಭಾನುವಾರ ಖಾನಾಪುರದ ಬಸ್ಸಿಳಿದು, ಹೆಗಲ ಚೀಲದಲ್ಲಿ ಗೇಮಿನ ಮಷೀನ್ ಹೊತ್ತುಕೊಂಡು! "ಹ್ಯಾಂಗದೀ ಅಕ್ಕಾ?" ಎಂದೂ ಕೇಳದೆ ವೈರು ಚುಚ್ಚಿ, ಅವ್ವನಿಗೆ ಬೆನ್ನು ಮಾಡಿ, ಟೀವಿಗೆ ಮುಖ ಮಾಡಿ ಕೂತುಬಿಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

"ಮಾಮಾ, ನಿಮ್ಮ ಮನ್ಯಾಗ ಟೀವಿ ಇಲ್ಲೇನು?"

"ಐತಿ. ನಿಮ್ದು ದೊಡ್ಡದೈತಿ."

ಅವನು ಆಡುವಾಗ ಅವ್ವ ಬಲಗೈ ಎತ್ತಿ ಮೂರು ಬೆರಳು ತೋರಿಸುತ್ತಿದ್ದಳು. ಮೂರು ಗಂಟೆಯ ಚಹಾ ಇರಬೇಕೆಂದು ನಾನು ಚಹಾ ಮಾಡಿ ತಂದೆ, ಮುಖ ತಿರುಗಿಸಿದಳು. ಮೂರನೆಯ ಗುಳಿಗೆ ಇರಬೇಕೆಂದು ಹೊತ್ತಿಗೆ ಮೊದಲೇ ನುಂಗಿಸಿದೆ, ಉಗುಳಿದಳು! ಡಾಕ್ಟರನ್ನು ಕೇಳಿದರೆ, "ಕೈ ಒಮ್ಮೊಮ್ಮೆ ಹಂಗ ಏಳ್ತದ್ರಿ, ಅದಕ್ಕ ಅರ್ಥ ಹುಡಕಬ್ಯಾಡ್ರಿ" ಎಂದರು. ನಾನು ಹುಡುಕುವುದನ್ನು ಬಿಟ್ಟೆ.

ಈ ಸಲದ ದಸರೆಗೆ ಮಾಮಾ ಬಂದ. ಬನ್ನಿ ಎಲೆಗಳನ್ನು ಅವ್ವನ ಎಡಗೈಯಲ್ಲಿಟ್ಟು, ಸತ್ತ ಬೆರಳುಗಳನ್ನು ಒಂದೊಂದಾಗಿ ಮಡಚಿ, ಕಾಲು ಮುಟ್ಟಿ ನಮಸ್ಕರಿಸಿದ. ಹಳೆಯ ಮಷೀನು ಹೋದ ತಿಂಗಳು ಸುಟ್ಟುಹೋಗಿತ್ತು. ಹಳೆಯ ಆಟಗಳು ಹೊಸ ಮಷೀನಿನ ಮೇಲೆ ನಡೆಯುವುದಿಲ್ಲವಂತೆ. ಈ ಸಲ ಪೂಜೆಯ ದಿನ ಬಿಚ್ಚದೆ ಹಾಗೇ ತಂದಿದ್ದ ಹೊಸ ಆಟವನ್ನು ಹೊಸ ಮಷೀನಿಗೆ ಹಾಕಿ ಕೂತ. ಈಗ ಬೈಗುಳ ಶುರುವಾಗುತ್ತದೆ ಎಂದು ಕಾದೆ. ಸದ್ದೇ ಇಲ್ಲ. ಹೋಗಿ ನೋಡಿದರೆ ಮಾಮಾ ಕೈಚೆಲ್ಲಿ ಕೂತಿದ್ದ.

"ತಗದಾರ."

"ಏನ ತಗದಾರ?"

"ಬೌಲರಿನ ಮೂರು ಹೆಜ್ಜಿ ಓಟ. ಪತ್ರದಾಗ ಕೆಂಪ ಗೆರಿ ಎಳದು ಬರದಿದ್ನಲ್ಲ, ಅದೊಂದ ತಗೀಬ್ಯಾಡ್ರಿ ಅಂತ."

ನನ್ನ ತಾಳ್ಮೆ ಹರಿಯಿತು. "ಸಾಕ ಮಾಡ ಮಾಮಾ! ಅವ್ವ ಈ ಸ್ಥಿತಿಯೊಳಗ ಕುಂತಾಳ, ನಿನಗ ಆಟದ ಚಿಂತಿ ಆಗೈತಿ!"

ಅವನು ಪರದೆಯ ಕಡೆ ಕೈ ಮಾಡಿದ. "ಆ ಬೌಲರ್ ಯಾರಂತ ತಿಳದಿ? ನಿಮ್ಮವ್ವ."

ಪರದೆಯ ಮೇಲೆ ಕುರುಚಲು ಗಡ್ಡದ ಆರಡಿ ಆಳೊಬ್ಬ ನಿಂತಿದ್ದ!

"ಇದರಾಗ ನಮಗ ಬೇಕಾದ ಆಟಗಾರನ್ನ ನಾವ ಮಾಡಬಹುದು, ಆದ್ರ ಹೆಂಗಸರ ಟೀಮ್ ಮಾಡಾಕ ಬರೂದಿಲ್ಲ. ಮಾರಿ ಬ್ಯಾರೆ. ಕೈ ಅಕ್ಕಂದು."

ಆಮೇಲೆ ಹೇಳಿದ. ವಡಗಾವಿಯ ಓಣಿಯಲ್ಲಿ, ಮಗ್ಗದ ಮನೆಯ ಗೋಡೆಗೂ ಗಟಾರಿಗೂ ನಡುವೆ ಇದ್ದದ್ದು ಮೂರು ಹೆಜ್ಜೆ ಜಾಗ. ಹನ್ನೆರಡು ವರ್ಷದ ಅಕ್ಕ, ಹಾಳು ನೂಲು ಸುತ್ತಿದ ಚೆಂಡು, ಎಡಗೈ. ಓಣಿಯ ದೊಡ್ಡ ಗಂಡುಹುಡುಗರು ಸಾಲಾಗಿ ನಿಂತು ಔಟಾಗುತ್ತಿದ್ದರು. ಮೈನೆರೆದ ದಿನ ಅಜ್ಜ ಅವಳನ್ನು ಒಳಗೆ ಕರೆದು ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂರಿಸಿದ. ಅವಳು ಮತ್ತೆ ಚೆಂಡು ಮುಟ್ಟಲಿಲ್ಲ. ಅವ್ವ ಇದನ್ನು ಒಂದು ದಿನವೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ವರ್ಷಾ ಆಕೀನ ಮಾಡ್ತೀನಿ. ವರ್ಷಾ ಅವ್ರು ಒಂದೊಂದ ಕಡಿಮಿ ಮಾಡ್ತಾರ. ಮೊದಲ ಮಣಿಕಟ್ಟ ತಿರುವೂದು ತಗದ್ರು, ಆಮ್ಯಾಲೆ ಭುಜಾ. ಈಗ ಎಲ್ಲಾರೂ ಹತ್ತು ಹೆಜ್ಜಿ ಓಡ್ತಾರ. ಅಕ್ಕ ಯಾವತ್ತರ ಹತ್ತು ಹೆಜ್ಜಿ ಓಡಿದ್ಲೇನು? ಆಕೀಗೆ ಓಡಾಕ ಜಾಗಾ ಎಲ್ಲಿ ಕೊಟ್ರು?" ಎನ್ನುತ್ತ ಮಾಮಾ ಅತ್ತುಬಿಟ್ಟ. "ನೋಡ್ತಾಳೋ ಇಲ್ಲೋ, ಗುರುತಾ ಹಿಡೀತಾಳೋ ಇಲ್ಲೋ ಗೊತ್ತಿಲ್ಲ. ಹಿಂದ ತಿರುಗಿ ನೋಡಾಕ ಧೈರ್ಯ ಆಗೂದಿಲ್ಲ."

ನಾನು ಅವ್ವನ ಕಡೆ ನೋಡಿದೆ. ಅವಳ ಬಲಗೈ ಮೇಲಿತ್ತು. ಮೂರು ಬೆರಳು.

"ಮಾಮಾ," ಎಂದೆ, "ತಿರುಗಿ ನೋಡು."

ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಟೀವಿ ಆರಿಸಿ, ಮೊಣಕಾಲು ಹಿಡಿದುಕೊಂಡು ಎದ್ದ. ನನ್ನ ಕಾಲುಚೀಲಗಳನ್ನು ಉಂಡೆ ಮಾಡಿ, ಜನ್ಮದಲ್ಲಿ ಎಡಗೈಯಿಂದ ಒಂದು ಕಲ್ಲೂ ಎಸೆಯದವನು ಮೂರು ಹೆಜ್ಜೆ ಹಾಕಿ ಎಡಗೈ ಬೀಸಿದ. ಅವ್ವ ಅಲ್ಲವೆಂದು ತಲೆಯಾಡಿಸಿದಳು. ಬಲಗೈಯನ್ನು ಕಿವಿಗೆ ತಾಗಿಸಿ ತೋರಿಸಿದಳು, ತೋಳು ಇಲ್ಲಿಂದ ಬರಬೇಕು ಎಂದು. ಮತ್ತೆ ಬೀಸಿದ. ಮತ್ತೆ ಅಲ್ಲ. ನಾನು ಅಡುಗೆಮನೆಯಿಂದ ಲಟ್ಟಣಿಗೆ ತಂದು ಎದುರಿಗೆ ನಿಂತೆ.

ಮೂರನೆಯ ಸಲ ಉಂಡೆ ನೆಲಕ್ಕೆ ಬಿದ್ದು, ಲಟ್ಟಣಿಗೆ ತಪ್ಪಿಸಿ, ನನ್ನ ಮೊಣಕಾಲಿಗೆ ಬಡಿಯಿತು.

"ಔಟ್!" ಎಂದು ಕೂಗಿದ ಮಾಮಾ.

"ಯಾಕ ಔಟ್? ಹೊರಗ ಹೊಂಟಿತ್ತದು!"

"ಸುಳ್ಳ ಹೇಳಬ್ಯಾಡ! ಸೀದಾ ಇತ್ತು!"

ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಅವ್ವ ಇಬ್ಬರನ್ನೂ ನೋಡಿದಳು. ಎತ್ತಿದ ಮೂರು ಬೆರಳಲ್ಲಿ ಎರಡನ್ನು ಮಡಚಿ, ಒಂದನ್ನು ನೆಟ್ಟಗೆ ಮೇಲಕ್ಕೆ ಹಿಡಿದಳು.

ನಾನು ಲಟ್ಟಣಿಗೆ ಬಗಲಲ್ಲಿಟ್ಟುಕೊಂಡು, ಔಟಾಗಿ ಅಡುಗೆಮನೆಗೆ ಹೋಗಿ ಅತ್ತೆ.